ಹಸಿಮಣ್ಣಿನ ಗೆರೆ

ಕಳೆದ ತಿಂಗಳು ರಸ್ತೆ ಅಗೆಯುವಾಗ ಹಾರೆ ನೆಲದೊಳಗಿನ ಕೇಬಲ್‌ಗೆ ತಗುಲಿ ಕೂಲಿಯವನೊಬ್ಬನ ಎರಡೂ ಕೈ ಸುಟ್ಟುಹೋಗಿದ್ದವು. ಅದಕ್ಕೇ ಇಂಜಿನಿಯರ್ ಹೇಮಾವತಿ, ಕೇಬಲ್ ಪತ್ತೆಹಚ್ಚುವ ಯಂತ್ರವನ್ನು ತಾನೇ ಪರೀಕ್ಷಿಸಿ ಖರೀದಿಸಲು ಹೊರಟಿದ್ದಳು. ಕಚೇರಿಯ ಅಂಗಳದಲ್ಲಿ ಒಂದು ಕೇಬಲ್ ಹೂತು ಕರೆಂಟ್ ಕೊಡಲು ಲೈನ್‌ಮನ್ ಚಿಕ್ಕಣ್ಣನಿಗೆ ಹಿಂದಿನ ದಿನವೇ ಹೇಳಿದ್ದಳು. ಯಂತ್ರ ಮಾರಲು ಎರಡು ಕಂಪನಿಯವರು ಬಂದಿದ್ದರು.

ಮೊದಲನೆಯ ಕಂಪನಿಯವನ ಯಂತ್ರ ಅಂಗಳದಲ್ಲಿ ಅಗೆದು ಮುಚ್ಚಿದ್ದ ಹಸಿಮಣ್ಣಿನ ಗೆರೆಯ ಮೇಲೆ ಬಂದದ್ದೇ ಕುಂಯ್ ಎಂದು ಕೂಗಿತು.

"ಒಂದಿಂಚೂ ಆಚೀಚೆ ಆಗಲ್ಲ ಮೇಡಂ," ಎಂದು ಅವನು ಹಲ್ಲು ಕಿರಿದ.

ಎರಡನೆಯ ಕಂಪನಿಯವನು ಅದೇ ಗೆರೆಯ ಮೇಲೆ ನಾಲ್ಕು ಸಲ ಓಡಾಡಿದ. ಅವನ ಯಂತ್ರ ತುಟಿಪಿಟಕ್ಕೆನ್ನಲಿಲ್ಲ.

"ಇಲ್ಲಿ ಏನೂ ಇಲ್ಲ ಮೇಡಂ."

ಹೇಮಾವತಿಗೆ ಮೈಯೆಲ್ಲ ಉರಿದುಹೋಯಿತು. "ನಾಚ್ಕೆ ಆಗಲ್ವೇನ್ರೀ? ಈ ಡಬ್ಬಾ ನಂಬ್ಕೊಂಡು ನಮ್ಮ ಜನ ಹಾರೆ ಹಾಕ್ಬೇಕಾ? ನಿಮ್ಮ ಮುಖ ನೋಡೋಕೂ ಹೇಸಿಗೆ ಆಗುತ್ತೆ. ಎತ್ಕೊಂಡ್ ಹೋಗಿ."

ಅವನು ಯಂತ್ರ ಎತ್ತಿಕೊಂಡು ಹೋದ. ಅವಳು ಮೊದಲನೆಯವನ ಇಪ್ಪತ್ತು ಯಂತ್ರಗಳಿಗೆ ಅಲ್ಲೇ ನಿಂತು ಸಹಿ ಹಾಕಿದಳು.

"ಚಿಕ್ಕಣ್ಣ, ಆ ಕೇಬಲ್ ತೆಗೆದು ಸ್ಟೋರಿಗೆ ವಾಪಸ್ ಕೊಟ್ಬಿಡಪ್ಪ."

ಚಿಕ್ಕಣ್ಣ ತಲೆ ಕೆರೆದುಕೊಂಡ. "ಸ್ಟೋರ್‌ನೋರು ನಿನ್ನೆ ಕೇಬಲ್ಲೇ ಕೊಡ್ಲಿಲ್ಲ ಮೇಡಂ. ನೀವು ಬೈತೀರಾ ಅಂತ ನೆಲ ಅಗೆದು ಹಾಗೇ ಮುಚ್ಚಿದ್ದೆ."