ಕಲೆಯಿಲ್ಲದ ಬನಿಯನ್

ಗಂಡನ ಬನಿಯನ್ನುಗಳನ್ನು ಬಕೆಟ್ಟಿನಿಂದ ಒಂದೊಂದಾಗಿ ಎತ್ತಿ ನೋಡಿದ ಮಾಬೂಬಿ ಬಚ್ಚಲ ಹೊಸ್ತಿಲ ಮೇಲೆ ಕೂತಳು. ಇನ್ನೂ ಸೋಪು ಹಚ್ಚಿರಲಿಲ್ಲ, ಆದರೂ ನಾಲ್ಕೂ ಬೆಳ್ಳಗಿದ್ದವು. ಬೆಳ್ಳನೆಯ ಬಟ್ಟೆ ಕಂಡು ಎದೆ ಧಸಕ್ಕೆಂದವಳು ಇಡೀ ಗಜೇಂದ್ರಗಡದಲ್ಲಿ ಇವಳೊಬ್ಬಳೇ ಇರಬೇಕು.

ನಾಲ್ಕು ತಿಂಗಳ ಹಿಂದೆ ಗಂಡ ಲಾಡಸಾಬನ ಮಿದುಳಿನ ಪೊರೆಗೆ ಟಿಬಿ ತಗುಲಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿ, ತಿಂಗಳೊಪ್ಪತ್ತು ಇಟ್ಟುಕೊಂಡು, ವರ್ಷದ ತನಕ ಒಂದು ದಿನವೂ ಗುಳಿಗೆ ತಪ್ಪಕೂಡದು, ತಪ್ಪಿದರೆ ಮನುಷ್ಯ ಕೈಗೆ ಸಿಗುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಆ ಗುಳಿಗೆ ನುಂಗಿದವರ ಮೂತ್ರ, ಬೆವರು, ಕಣ್ಣೀರು ಎಲ್ಲಕ್ಕೂ ಕೇಸರಿ ಬಣ್ಣ. ಬನಿಯನ್ನಿನ ಕಂಕುಳ ಕಲೆ ಒಗೆದರೆ ಹೋಗುವುದು, ಮರುದಿನ ಮತ್ತೆ ಮೂಡುವುದು. ತಿಕ್ಕಿ ತಿಕ್ಕಿ ರಟ್ಟೆ ಬಿದ್ದುಹೋದರೂ ಆ ಕಲೆ ಕಂಡರೆ ಮಾಬೂಬಿಗೆ ಸಮಾಧಾನವಾಗುತ್ತಿತ್ತು.

ಮನೆಯಲ್ಲಿ ರೋಗಿ ಇದ್ದಾನೆಂದು ಚೊಚ್ಚಲು ಬಸುರಿ ಮಗಳನ್ನು ತವರಿಗೆ ಕರೆತರದೆ ತಾನೇ ರಾಜೂರಿಗೆ ಹೋಗಿ, ಇಪ್ಪತ್ತೆರಡು ದಿನ ಬಾಣಂತನ ಮಾಡಿ, ಈಗಷ್ಟೇ ಬಸ್ಸಿಳಿದು ಬಂದಿದ್ದಳು. ದಿನಾ ಫೋನಿನಲ್ಲಿ ಗುಳಿಗೆ ತಗೊಂಡಿರಾ ಎಂದು ಕೇಳುತ್ತಿದ್ದಳು. ದಿನಾ ಆ ಕಡೆಯಿಂದ ಹೂಂ ಬರುತ್ತಿತ್ತು.

ಒದ್ದೆ ಬನಿಯನ್ ಹಿಡಿದೇ ಮಗ್ಗದ ಕೋಣೆಗೆ ಹೋಗಿ, ಗಂಡ ಕಾಲು ಇಳಿಬಿಟ್ಟು ನೇಯುತ್ತಿದ್ದ ಗುಂಡಿಯ ಅಂಚಿಗೆ ಕೂತಳು.

"ಗುಳಗಿ ಬಿಟ್ಟ ಎಷ್ಟ ದಿನಾ ಆತ್ರಿ?"

ಲಾಳಿ ನಿಂತಿತು. ಸುಳ್ಳು ಹೇಳಿ ಹೇಳಿ ಅವನಿಗೂ ಸಾಕಾಗಿತ್ತೇನೋ. "ನೀ ಹ್ವಾದ ಮರುದಿನದಿಂದ," ಎಂದ.

ಸಾವುಕಾರ ಪ್ರಭುಲಿಂಗಪ್ಪ ಬಿಳಿ ಒಡಲಿನ ಎರಡು ಸೀರೆಗೆ ನೂಲು ಕೊಟ್ಟಿದ್ದನಂತೆ. ಮೊದಲನೆಯದರ ಮೇಲೆ ಇವನ ಹಣೆಯ ಬೆವರು ಬಿದ್ದು ಕೇಸರಿ ಕಲೆ ಕೂತಿತು. ಅವಳು ರಾಜೂರಿಗೆ ಹೋದ ದಿನವೇ ಒಯ್ದು ಕೊಟ್ಟರೆ ಸಾವುಕಾರ ಬೈಯಲಿಲ್ಲ, ಸೀರೆ ಮಡಚಿ ಸುಮ್ಮನೆ ವಾಪಸು ಕೊಟ್ಟ. ಮೂವತ್ತು ವರ್ಷ ನೇಯ್ದವನಿಗೆ ಅದಕ್ಕಿಂತ ನಾಲ್ಕು ಬೈಗಳವೇ ಲೇಸಿತ್ತು. ಗುಳಿಗೆ ಬಿಟ್ಟ ಮೇಲೆ ಬೆವರು ತಿಳಿಯಾಯಿತು, ಕೈಯೂ ನಿಶ್ಚಿಂತೆಯಿಂದ ಓಡಿತು.

"ಈಗ ಆರಾಮ ಅದೀನಲ್ಲ. ಇದೊಂದ ಸೀರಿ ಮುಗೀಲಿ, ಮತ್ತ ನುಂಗತೀನಿ."

ಮಗ್ಗದ ಮೇಲಿನ ಸೀರೆ ಖರೇ ಹೇಳಬೇಕೆಂದರೆ ಬಲು ಚೆಂದವಿತ್ತು. ಜಗಳ ತೆಗೆಯುವ ತ್ರಾಣವೂ ಮಾಬೂಬಿಗೆ ಉಳಿದಿರಲಿಲ್ಲ. ಮನೆಗೆ ಗುಳಿಗೆ ತಂದುಕೊಡುವ ಆಶಾ ಕಾರ್ಯಕರ್ತೆ ನಿರ್ಮಲಾಗೆ ಅಲ್ಲಿಂದಲೇ ಫೋನ್ ಮಾಡಿ ಎಲ್ಲ ಹೇಳಿದಳು. ನಿರ್ಮಲಾ ಎಷ್ಟು ದಿನವೆಂದು ಇನ್ನೊಮ್ಮೆ ಕೇಳಿಕೊಂಡಳು. ಆಮೇಲೆ, ನೀವಾಗಿಯೇ ಗುಳಿಗೆ ಶುರು ಮಾಡಬೇಡಿ, ಈಗಿಂದೀಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಬನ್ನಿ, ಅಷ್ಟರಲ್ಲಿ ನೆನಪು ನೆಟ್ಟಗಿದೆಯೇ ಒಮ್ಮೆ ಮಾತಾಡಿಸಿ ನೋಡಿ ಎಂದಳು.

ನೆನಪಿಗೇನಾಗಿದೆ, ಈಗಷ್ಟೇ ಸಾವುಕಾರನ ಕಥೆಯೆಲ್ಲ ಹೇಳಿದನಲ್ಲ ಎಂದುಕೊಂಡಳು. ಆದರೂ ಫೋನ್ ಕೆಳಗಿಟ್ಟು, ಕೇಳಲು ತನಗೇ ನಾಚಿಕೆಯಾಗಿ, ಮೆಲ್ಲಗೆ ಕೇಳಿದಳು.

"ನನ್ನ ಹೆಸರ ಏನ್ ಹೇಳ್ರಿ?"

ಲಾಡಸಾಬ ನಕ್ಕ. ನಗು ಮುಗಿಯಿತು. ಹೆಸರು ಬರಲಿಲ್ಲ.