ಅರ್ಜಿಯ ಹೆಬ್ಬೆಟ್ಟು

ಬಂಡೆಮ್ಮನಿಗೆ ಸಂಬಳವೆಂಬುದು ಇರಲಿಲ್ಲ. ರಾಯಚೂರಿನ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಆದರೆ ಬ್ಯಾಂಕಿನ ಏಜೆಂಟ್ ತುಂಬಿದ್ದ ಕ್ರೆಡಿಟ್ ಕಾರ್ಡಿನ ಅರ್ಜಿಯನ್ನು ಮಗಳು ಭಾಗ್ಯಜ್ಯೋತಿ ಈಗ ಮ್ಯಾನೇಜರ್ ಎದುರಿಗೇ ಓದಿದಾಗ, ಅದರಲ್ಲಿ ಬಂಡೆಮ್ಮ ಶಾಲಾ ಶಿಕ್ಷಕಿಯಾಗಿದ್ದಳು, ತಿಂಗಳಿಗೆ ನಲವತ್ತು ಸಾವಿರ ಸಂಬಳ.

"ಕಾರ್ಡಿನ ಸಾಲಕ್ಕ ಬೆಳೆದ ಬಡ್ಡಿ ಅರ್ಧ ಬಿಡ್ತೀವಿ. ಈ ರಾಜಿ ಕಾಗದಕ್ಕ ಒಂದು ಹೆಬ್ಬೆಟ್ಟು ಒತ್ತಿಬಿಡವಾ," ಎಂದು ಮ್ಯಾನೇಜರ್ ಪ್ರಾಣೇಶ ಇಂಕ್ ಪ್ಯಾಡ್ ಮುಂದಕ್ಕೆ ತಳ್ಳಿದ.

ಬಂಡೆಮ್ಮ ಪ್ಯಾಡ್ ಮುಟ್ಟಲಿಲ್ಲ. ಅರ್ಜಿಯ ಕೆಳಗಿದ್ದ ತನ್ನ ಹಳೆಯ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟಳು. "ಸಾಹೇಬ್ರ, ಟೀಚರಮ್ಮ ಹೆಬ್ಬೆಟ್ಟು ಒತ್ಯಾಳ. ನಿಮ್ಮ ಬ್ಯಾಂಕಿನ್ಯಾಗ ಒಬ್ಬರಿಗೂ ಕಾಣಲಿಲ್ಲೇನ್ರಿ?"

ಸಾಲಿನಲ್ಲಿ ನಿಂತವರು ನಕ್ಕರು. ಬಂಡೆಮ್ಮ ನಗಲಿಲ್ಲ. "ಮಗಳ ಫೀಸಿಗೆ ತಗೊಂಡ ಹದಿನೆಂಟು ಸಾವಿರ ನಂದು, ಕಟ್ಟತೀನಿ. ಸುಳ್ಳು ನಿಮ್ಮದು. ಅದರ ಬಡ್ಡಿ ನೀವ ಕಟ್ಕೋರಿ."

ಪ್ರಾಣೇಶ ಅರ್ಜಿಯನ್ನು ಮೊದಲಿನಿಂದ ಓದಿದ. ಆಮೇಲೆ ಪ್ಯಾಡ್ ಮುಚ್ಚಿದ. "ಬಡ್ಡಿ ಪೂರ್ತಿ ತೆಗೀರಿ ಅಂತ ಮ್ಯಾಲಿನವ್ರಿಗೆ ಬರೀತೀನಿ."

"ನನ್ನ ಮುಂದ ಬರೀರಿ," ಎಂದು ಬಂಡೆಮ್ಮ ಸೆರಗು ಸರಿಮಾಡಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು.

ಪತ್ರಕ್ಕೆ ಸೀಲು ಬೀಳುವಾಗ ಮಧ್ಯಾಹ್ನವಾಗಿತ್ತು. ಆಕೆಗೆ ಅರ್ಧ ದಿನದ ಕೆಲಸ ಹೋಯಿತು, ಎಂಬತ್ತು ರೊಟ್ಟಿ.