ಗಾಡಿ ಕಟ್ಟಿದವನ ಹೆಸರು

“ಹುಣಸೂರಿನ ಲಿಂಗಣ್ಣನವರು! ತಮ್ಮ ಸ್ವಂತ ಕೈಯಿಂದ ಕಟ್ಟಿದ ಕಾರಿನಲ್ಲಿ, ಗಂಟೆಗೆ ತೊಂಬತ್ತಮೂರು ಮೈಲಿ!” ಎಂದು ಮೈಕು ಕೂಗಿತು. ಮಿರ್ಲೆ ಕಡೆಯ ನೇರ ರಸ್ತೆಯ ಇಕ್ಕೆಲದಲ್ಲೂ ಸೇರಿದ್ದ ಜನ ಸಿಳ್ಳೆ ಹೊಡೆದರು. ಎಪ್ಪತ್ತೊಂದರ ಮಾಗಿಯ ಭಾನುವಾರ. ಮೋಟಾರು ಕ್ಲಬ್ಬಿನವರು ವೇಗದ ಪರೀಕ್ಷೆಗೆಂದು ಎರಡು ಮೈಲಿ ರಸ್ತೆ ಮುಚ್ಚಿಸಿದ್ದರು. ಹಗ್ಗದ ಆಚೆ, ತಡೆದು ನಿಲ್ಲಿಸಿದ್ದ ಕಬ್ಬಿನ ಗಾಡಿಗಳ ನಡುವೆ ನಿಂತಿದ್ದ ಚಿಕ್ಕಮಾದುವಿಗೆ ಆ ಕೂಗು ಕೆನ್ನೆಗೆ ಬಾರಿಸಿದ ಹಾಗಾಯಿತು.

ಹುಣಸೂರಿನಲ್ಲಿ ತಂಬಾಕು ಬೇಯಿಸುವ ಮನೆಯ ಹಿಂದಿನ ಚಪ್ಪರದಲ್ಲಿ ಎರಡು ವರ್ಷ ಕೂತು ಆ ಕಾರು ಕಟ್ಟಿದವನು ಅವನು. ಪಿರಿಯಾಪಟ್ಟಣದ ರಸ್ತೆಯಲ್ಲಿ ಮರಕ್ಕೆ ಗುದ್ದಿದ್ದ ಫಿಯಟ್ಟಿನ ಎಂಜಿನ್ನು, ಹರಾಜಿನ ಜೀಪಿನ ಚಾಸಿ, ಡಾಂಬರು ಡ್ರಮ್ಮು ಸೀಳಿ ಬಡಿದು ಮಾಡಿದ ಮೈ. ಕಾಡಂಚಿನ ಗಿರಿಜನರ ಹಾಡಿಯಲ್ಲಿ ಹುಟ್ಟಿ, ಮರದ ಲಾರಿಗೆ ಕ್ಲೀನರಾಗಿ, ಹ್ಯಾಂಡ್‌ಪೋಸ್ಟ್ ಎಂಬ ಊರಿನ ಗ್ಯಾರೇಜಿನಲ್ಲಿ ಕೆಲಸ ಕಲಿತವನು ಚಿಕ್ಕಮಾದು. ತಂಬಾಕು ವ್ಯಾಪಾರಿ ಲಿಂಗಣ್ಣನದು ದುಡ್ಡು, ಓಡಿಸುವ ಎದೆಗಾರಿಕೆಯೂ ಅವನದೇ. ಅದನ್ನು ಚಿಕ್ಕಮಾದು ಯಾವತ್ತೂ ಇಲ್ಲವೆಂದವನಲ್ಲ. ಆದರೆ ಆ ಬೆಳಿಗ್ಗೆ ಕ್ಲಬ್ಬಿನ ಅರ್ಜಿಯಲ್ಲಿ ‘ಓಡಿಸುವವರು’, ‘ಕಟ್ಟಿದವರು’ ಎಂಬ ಎರಡೂ ಕಡೆ ಲಿಂಗಣ್ಣ ತನ್ನ ಹೆಸರನ್ನೇ ಬರೆದಿದ್ದ. ಹಗ್ಗದ ಒಳಗೆ ಬಿಡುತ್ತಿದ್ದದ್ದು ಅರ್ಜಿಯಲ್ಲಿ ಹೆಸರಿದ್ದವರನ್ನು ಮಾತ್ರ. ಕಾವಲಿನವನು ಎದೆಗೆ ಕೈಯಿಟ್ಟು ಚಿಕ್ಕಮಾದುವನ್ನು ಆಚೆಗೆ ತಳ್ಳಿದಾಗ ಲಿಂಗಣ್ಣ ತಿರುಗಿಯೂ ನೋಡಿರಲಿಲ್ಲ.

ವೇಗದ ದಾಖಲೆ ಇನ್ನೂ ಕೈಗೆ ಬಂದಿರಲಿಲ್ಲ. ಒಂದು ಗಂಟೆಯೊಳಗೆ ಅದೇ ರಸ್ತೆಯಲ್ಲಿ ಎದುರು ದಿಕ್ಕಿಗೆ ಇನ್ನೊಂದು ಸಲ ಓಡಿಸಬೇಕು, ಎರಡರ ಸರಾಸರಿಯೇ ಲೆಕ್ಕ. ಭಾರ ಇಳಿಸಲೆಂದು ಸ್ಟಾರ್ಟರನ್ನೇ ಕಿತ್ತಿದ್ದ ಕಾರು ಅದು; ಮುಂದಿನಿಂದ ಹ್ಯಾಂಡಲ್ ಹೊಡೆದೇ ಎಬ್ಬಿಸಬೇಕು. ಲಿಂಗಣ್ಣ ಹೊಡೆದ. ಮತ್ತೆ ಹೊಡೆದ. ಮೂರನೆಯ ಸಲ ಹ್ಯಾಂಡಲ್ ತಿರುಗಿ ಬಂದು ಅವನ ಮುಂಗೈಗೇ ಬಡಿಯಿತು.

“ಲೇ ಕುಳ್ಳ! ಬಾರ್ಲಾ ಇಲ್ಲಿ, ಗಾಡಿ ಏಳ್ತಾ ಇಲ್ಲ!”

ರೋಗ ಏನೆಂದು ಚಿಕ್ಕಮಾದುವಿಗೆ ನಿಂತಲ್ಲೇ ಗೊತ್ತಿತ್ತು. ಬಿಸಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಕಟ್ಟಿಕೊಂಡಿದೆ. ಒದ್ದೆ ಬಟ್ಟೆ ಸುತ್ತಿದರೆ ಸರಿಹೋಗುತ್ತದೆ. ಕಾಲು ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು. ಹಿಡಿದು ನಿಲ್ಲಿಸಿಕೊಂಡ.

“ನಾನು ಒಳೀಕ್ ಬರಂಗಿಲ್ವಂತಲ್ಲ ಬುದ್ಧಿ. ಕಟ್ಟಿದೋರು ಅಲ್ಲೇ ಅವ್ರಲ್ಲ, ಅವ್ರೇ ಎಬ್ಬುಸ್ಲಿ.”

ಲಿಂಗಣ್ಣ ಮುಂಗೈ ಹಿಡಿದುಕೊಂಡೇ ಹಗ್ಗದ ಬಳಿಗೆ ಬಂದ. “ಏನ್ಲಾ ಕೊಬ್ಬು? ಇಷ್ಟು ಜನದ ಮುಂದೆ ಮಾನ ಕಳೀತೀಯಾ? ನಾನು ನಿಂಗೆ ಅನ್ನ ಹಾಕಿಲ್ವೇನ್ಲಾ?”

“ಆಕಿದ್ರಿ. ನಾನೂ ಗೇದಿವ್ನಿ. ಆ ಕಾಗ್ದದಾಗೆ ನಂದು ಅಂತ ಒಂದ್ ಗೆರೆ ಇತ್ತು, ಅದ್ನೂ ನುಂಗ್ಬುಟ್ರಲ್ಲ.”

“ಹಾಡಿಯೋನ ಹೆಸ್ರು ಬರುದ್ರೆ ಜನ ನಗ್ತಾರೆ ಕಣ್ಲಾ!”

“ತೊಂಬತ್ಮೂರು ಮೈಲಿ ಓಡ್ದಾಗ ಯಾರೂ ನಗ್ನಿಲ್ಲ.”

ಬಿಳಿ ಮೀಸೆಯ ಕ್ಲಬ್ಬಿನ ಅಧಿಕಾರಿ ಗಡಿಯಾರ ಹಿಡಿದು ಬಂದರು. “ಇನ್ನು ಇಪ್ಪತ್ತು ನಿಮಿಷ, ಲಿಂಗಣ್ಣನವರೇ. ಇವರು ಯಾರು?”

“ನಮ್ಮ ಕೆಲಸದವನು ಸಾರ್. ಒಂದ್ ಗಳಿಗೆ ಒಳಗೆ ಬಿಡಿ.”

“ಕೆಲಸದವರನ್ನು ಬಿಡೋ ಹಾಗಿಲ್ಲ. ಕಾರು ಕಟ್ಟಿದವರಾದರೆ ಬರಲಿ. ಅರ್ಜಿ ತಿದ್ದಿ ಸಹಿ ಹಾಕಿಕೊಡಿ.”

ಲಿಂಗಣ್ಣ ಕಾರನ್ನು ನೋಡಿದ, ಜನರನ್ನು ನೋಡಿದ. ಪೆನ್ನು ತೆಗೆದುಕೊಂಡು ‘ಕಟ್ಟಿದವರು’ ಎಂಬಲ್ಲಿದ್ದ ತನ್ನ ಹೆಸರಿಗೆ ಗೀಟು ಎಳೆದ. ಮುಂದೆ ಪೆನ್ನು ಓಡಲಿಲ್ಲ.

“ಲೇ... ನಿನ್ನ ಹೆಸ್ರೇನ್ಲಾ?”

ಚಿಕ್ಕಮಾದು ಲಿಂಗಣ್ಣನನ್ನೇ ದಿಟ್ಟಿಸಿದ. ಎರಡು ವರ್ಷ! ಕೊಟ್ಟಿಗೆಯ ಒಂದೊಂದು ಎತ್ತನ್ನೂ ಹೆಸರು ಹಿಡಿದು ಕರೆಯುವ ಮನುಷ್ಯ. ಅಧಿಕಾರಿಯೇ ಇತ್ತ ತಿರುಗಿ, “ನೀವೇ ಹೇಳಿ” ಎಂದರು.

“ಚಿಕ್ಕಮಾದು, ಸಾಮಿ. ಸೋಮಯ್ಯನ ಮಗ.”

ಲಿಂಗಣ್ಣ ತಲೆಯೆತ್ತದೆ ಬರೆದ. ಕಾವಲಿನವನು ಹಗ್ಗ ಎತ್ತಿದ. ಒಳಗೆ ಹೋದ ಮೇಲೆ ಚಿಕ್ಕಮಾದುವಿಗೆ ಬೇರೆ ಯಾವುದರ ಧ್ಯಾನವೂ ಇರಲಿಲ್ಲ. ಕೊಳವೆಗೆ ಒದ್ದೆ ಬಟ್ಟೆ ಸುತ್ತಿದ, ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದ, ಟೈರುಗಳನ್ನು ಅಂಗೈಯಿಂದ ಸವರಿ ನೋಡಿದ, ಕಾರನ್ನು ನೂಕಿ ಎದುರು ದಿಕ್ಕಿಗೆ ನಿಲ್ಲಿಸಿದ. ಲಿಂಗಣ್ಣ ಹೆಲ್ಮೆಟ್ಟು ಹಾಕಿಕೊಂಡು ಒಳಗೆ ಕೂತ. ಚಿಕ್ಕಮಾದು ಮುಂದೆ ಬಗ್ಗಿ ಹ್ಯಾಂಡಲ್ ಸಿಕ್ಕಿಸಿದ.

“ಹೂಂ, ಹೊಡೀಲಾ ಕುಳ್ಳ!”

ಅರ್ಧ ತಿರುಗಿದ್ದ ಹ್ಯಾಂಡಲ್ ಅಲ್ಲೇ ನಿಂತಿತು. ಚಿಕ್ಕಮಾದು ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದ.

“ಕುಳ್ಳ ಅನ್ನೋನು ಆ ಕಾಗ್ದದಾಗಿಲ್ಲ ಬುದ್ಧಿ. ಇರೋನ್ನ ಕರೀರಿ.”

“ನಾಲ್ಕು ನಿಮಿಷ” ಎಂದರು ಅಧಿಕಾರಿ, ಗಡಿಯಾರದಿಂದ ಕಣ್ಣು ಕೀಳದೆ.

ಹೆಲ್ಮೆಟ್ಟಿನೊಳಗೆ ತುಟಿ ಅಲ್ಲಾಡಿತು. ಚಿಕ್ಕಮಾದು ಎರಡೂ ಕೈಯನ್ನು ಹ್ಯಾಂಡಲಿನಿಂದ ತೆಗೆದು ಸೊಂಟದ ಮೇಲಿಟ್ಟುಕೊಂಡ.

“ಕೇಳುಸ್ನಿಲ್ಲ ಬುದ್ಧಿ. ವಸಿ ಗಟ್ಟಿಯಾಗ್ ಯೋಳಿ.”